ಹೊಗಳಿಕೆಯ ವ್ಯಾಕರಣ

ಬೈಯುವುದಕ್ಕೆ ಭಾಷೆ ತಾನಾಗಿ ಒದಗಿಬರುತ್ತದೆ; ಹೊಗಳುವುದಕ್ಕೆ ಮಾತ್ರ ಕಲಿಕೆ ಬೇಕು. ಬೈಗುಳವನ್ನು ಯಾರೂ ಗುರುಮುಖದಿಂದ ಕಲಿತವರಲ್ಲ. ಆದರೆ ಮೂವತ್ತು ವರ್ಷ ದುಡಿದು ನಿವೃತ್ತರಾಗುವ ಹಿರಿಯರೊಬ್ಬರನ್ನು ಕುರಿತು ಸಭೆಯಲ್ಲಿ ನಾಲ್ಕು ಮಾತು ಆಡಬೇಕಾದಾಗ, ಆ ಮಾತು ಉತ್ಪ್ರೇಕ್ಷೆಯೂ ಆಗದೆ, ಒಣ ಉಪಚಾರವೂ ಆಗದೆ, ಆ ವ್ಯಕ್ತಿಗೇ ಸಲ್ಲುವಂತಿರಬೇಕಾದಾಗ, ಒಳ್ಳೊಳ್ಳೆಯ ಮಾತುಗಾರರೂ ತಡವರಿಸುತ್ತಾರೆ. ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಾದ ನಮ್ಮ ಪಾಲಿಗೆ ಈ ತೊಡಕು ಇನ್ನೂ ದೊಡ್ಡದು. ಅಡುಗೆಮನೆಯ ಕನ್ನಡ ನಮ್ಮಲ್ಲಿ ಉಳಿದಿದೆ, ಜಗಲಿಯ ಕನ್ನಡವೂ ಅಷ್ಟಿಷ್ಟು ಉಳಿದಿದೆ. ಸಭೆಯ ಕನ್ನಡ ಕೈಬಿಡುತ್ತಿದೆ. ಪುಣೆಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಅಜ್ಜನನ್ನು ಪ್ರೀತಿಸಲು ಕನ್ನಡ ಸಾಕಾಗುತ್ತದೆ, ಗೌರವಿಸಲು ಸಾಕಾಗುವುದಿಲ್ಲ. ಆಗ ಅವರು ‘ಗ್ರೇಟ್’ ಎನ್ನುತ್ತಾರೆ, ‘ಸೂಪರ್’ ಎನ್ನುತ್ತಾರೆ. ಆ ಶಬ್ದಗಳಲ್ಲಿ ದೋಷವಿಲ್ಲ. ಆದರೆ ಅವು ಕ್ರಿಕೆಟ್ ಆಟಗಾರನಿಗೂ ಮಸಾಲೆ ದೋಸೆಗೂ ಒಂದೇ ಸಮನಾಗಿ ಒಪ್ಪುವ ಶಬ್ದಗಳು. ಎಲ್ಲರಿಗೂ ಒಪ್ಪುವ ಹೊಗಳಿಕೆ ಯಾರನ್ನೂ ಹೊಗಳುವುದಿಲ್ಲ.

ಈ ವಿಷಯದಲ್ಲಿ ಚೀನೀಯರ ಕ್ರಮ ಗಮನಾರ್ಹವಾದುದು. ಹಾಂಗ್‌ಕಾಂಗ್‌ನ ಕ್ಯಾಂಟನೀಸ್ ಭಾಷಿಕರು ಔಪಚಾರಿಕ ಸಂದರ್ಭಗಳಲ್ಲಿ ಬಳಸುವ ಪ್ರಶಂಸೆಯ ನುಡಿಗಟ್ಟುಗಳು ಹೆಚ್ಚಾಗಿ ನಾಲ್ಕು ಅಕ್ಷರಗಳವು. ಹಳೆಯ ಗ್ರಂಥಭಾಷೆಯಿಂದ ಬಂದವು. ದಿನಬಳಕೆಯ ಮಾತಿನಿಂದ ಅವು ದೊರೆಯುವುದಿಲ್ಲ, ಓದಿ ಕಲಿಯಬೇಕು. ಕಲಿತರಷ್ಟೇ ಸಾಲದು, ಯಾವುದು ಯಾರಿಗೆ ಎಂಬುದನ್ನೂ ತಿಳಿದಿರಬೇಕು. ಸತ್ತಂತಿದ್ದವನಿಗೆ ವಸಂತವನ್ನು ಮರಳಿ ತಂದ ಕೈ ಎಂಬರ್ಥದ ಮಾತು ವೈದ್ಯನಿಗೆ ಮಾತ್ರ. ಪೀಚ್ ಮತ್ತು ಪ್ಲಮ್ ಗಿಡಗಳು ಲೋಕವನ್ನೆಲ್ಲ ತುಂಬಿವೆ ಎಂಬುದು ಶಿಷ್ಯಸಂಪತ್ತುಳ್ಳ ಅಧ್ಯಾಪಕನಿಗೆ ಮಾತ್ರ. ಪ್ರತಿಭಾವಂತನನ್ನು ‘ಎಂಟು ಅಳತೆಯ ಪ್ರತಿಭೆ’ ಎಂದು ಕೊಂಡಾಡುವ ಇನ್ನೊಂದು ನುಡಿಗಟ್ಟಿನ ಹಿಂದೆ ಒಂದು ಕಥೆಯಿದೆ. ಲೋಕದ ಪ್ರತಿಭೆಯೆಲ್ಲ ಹತ್ತು ಕೊಳಗವಾದರೆ ಅದರಲ್ಲಿ ಎಂಟನ್ನು ತ್ಸಾವ್ ಝಿ ಎಂಬ ಕವಿಯೊಬ್ಬನೇ ಪಡೆದ, ಒಂದು ಕೊಳಗ ನನ್ನದು, ಉಳಿದ ಒಂದನ್ನು ಮಿಕ್ಕವರೆಲ್ಲ ಹಂಚಿಕೊಂಡರು ಎಂದು ಐದನೆಯ ಶತಮಾನದ ಕವಿ ಶಿಯೇ ಲಿಂಗ್‌ಯುನ್ ಹೇಳಿದನೆಂದು ಪ್ರತೀತಿ. ಪರರನ್ನು ಹೊಗಳುವಾಗ ತನ್ನ ಪಾಲಿನ ಒಂದು ಕೊಳಗವನ್ನು ಮರೆಯದ ಈ ಕವಿಯ ಜಾಣ್ಮೆಯನ್ನು ನಮ್ಮ ಪಂಪ ರನ್ನರು ಕೇಳಿದ್ದರೆ ನಸುನಗುತ್ತಿದ್ದರು.

ಏಕೆಂದರೆ ನಮ್ಮಲ್ಲಿಯೂ ಇಂಥದೊಂದು ಶಾಸ್ತ್ರವಿತ್ತು. ಅದರ ಹೆಸರು ಬಿರುದಾವಳಿ. ಅದನ್ನು ಹುಡುಕಲು ನಾವು ಪುಣೆಯನ್ನು ಬಿಟ್ಟು ದೂರ ಹೋಗಬೇಕಾಗಿಲ್ಲ.

ಹಿಂದೆ ಭಾಂಬುರ್ಡೆ ಎಂಬ ಹಳ್ಳಿಯಾಗಿದ್ದ ಇಂದಿನ ಶಿವಾಜಿನಗರದಲ್ಲಿ, ಜಂಗಲೀ ಮಹಾರಾಜ ರಸ್ತೆಯ ಗದ್ದಲದ ಪಕ್ಕದಲ್ಲಿಯೇ, ಪಾತಾಳೇಶ್ವರವೆಂಬ ಗುಹಾಲಯವಿದೆ. ಕರಿಬಂಡೆಯನ್ನು ಮೇಲಿನಿಂದ ಕೊರೆಯುತ್ತ ಇಳಿದು ಮಾಡಿದ ಎಂಟನೆಯ ಶತಮಾನದ ಕೆಲಸ. ಅಂಗಳದ ನಡುವೆ ಅದೇ ಬಂಡೆಯಲ್ಲಿ ಉಳಿಸಿಕೊಂಡ ವೃತ್ತಾಕಾರದ ನಂದಿಮಂಟಪ. ಅದು ರಾಷ್ಟ್ರಕೂಟರ ಕಾಲದ್ದೆಂದು ವಿದ್ವಾಂಸರು ಹೇಳುತ್ತಾರೆ. ರಾಷ್ಟ್ರಕೂಟ ಒಂದನೆಯ ಕೃಷ್ಣನ ತಳೇಗಾಂವ್ ತಾಮ್ರಪಟ ಶಕ 690ರದು, ಎಂದರೆ ಕ್ರಿ.ಶ. 768ರದು. ಅದರಲ್ಲಿ ‘ಪುಣಕ ವಿಷಯ’ ಎಂಬ ಹೆಸರು ಬರುತ್ತದೆ. ಪುಣೆಯ ಹೆಸರಿನ ಅತಿ ಹಳೆಯ ಉಲ್ಲೇಖಗಳಲ್ಲಿ ಅದೊಂದು. ಆ ದಾನವನ್ನು ಹೊರಡಿಸಿದಾಗ ಅರಸನ ಬೀಡು ಇದ್ದುದು ಗಂಗರ ನಾಡಿನ ಮಣ್ಣೆಯಲ್ಲಿ, ಇಂದಿನ ನೆಲಮಂಗಲದ ಬಳಿ. ಬೆಂಗಳೂರಿನ ಮಗ್ಗುಲಲ್ಲಿ ಕುಳಿತು ಪುಣೆಯ ನೆಲವನ್ನು ದಾನಮಾಡಿದ ದೊರೆ ಅವನು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಮುಂದಿನ ಶತಮಾನದ ಕವಿರಾಜಮಾರ್ಗ ಹೇಳುವಾಗ ಅದು ಬರಿಯ ಕವಿಕಲ್ಪನೆಯಾಗಿರಲಿಲ್ಲ.

ಈ ರಾಷ್ಟ್ರಕೂಟರ ಬಿರುದುಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವುಗಳಲ್ಲಿ ಒಂದು ವ್ಯಾಕರಣ ಕಾಣುತ್ತದೆ. ಒಂದನೆಯ ಕೃಷ್ಣ ಅಕಾಲವರ್ಷ, ಶುಭತುಂಗ. ಅವನ ಮಗ ಧ್ರುವ ಧಾರಾವರ್ಷ. ಧ್ರುವನ ಮಗ ಮೂರನೆಯ ಗೋವಿಂದ ಪ್ರಭೂತವರ್ಷ, ಜಗತ್ತುಂಗ. ಗೋವಿಂದನ ಮಗ ಅಮೋಘವರ್ಷ, ನೃಪತುಂಗ. ‘ತುಂಗ’ವೆಂದರೆ ಎತ್ತರ. ‘ವರ್ಷ’ವೆಂದರೆ ಮಳೆ. ಕಾಲವಲ್ಲದ ಕಾಲದಲ್ಲೂ ಸುರಿವವನು, ಧಾರೆಯಾಗಿ ಸುರಿವವನು, ಹೇರಳವಾಗಿ ಸುರಿವವನು, ಎಂದೂ ಹುಸಿಯಾಗದೆ ಸುರಿವವನು. ಸಹ್ಯಾದ್ರಿಯ ಮಳೆನೆರಳಿನಲ್ಲಿ, ಆಕಾಶ ನೋಡಿ ಬಿತ್ತುವ ಬಯಲುಸೀಮೆಯ ಒಕ್ಕಲುಗಳ ಮೇಲೆ ಆಳಿದ ಮನೆತನವೊಂದು ತನ್ನನ್ನು ಸಿಂಹ, ಹುಲಿ ಎಂದು ಕರೆದುಕೊಳ್ಳುವುದಕ್ಕಿಂತ ಮಳೆ ಎಂದು ಕರೆದುಕೊಂಡದ್ದನ್ನು ನಾವು ಗಮನಿಸಬೇಕು. ಜನ ಅರಸನಿಂದ ಏನನ್ನು ಬಯಸುತ್ತಿದ್ದರೆಂಬುದು ಬಿರುದಿನಲ್ಲಿ ದಾಖಲಾಗಿದೆ. ಇನ್ನೊಂದು ಸೋಜಿಗವೂ ಇದೆ. ಅಮೋಘವರ್ಷನ ನಿಜನಾಮ ಶರ್ವನೆಂದು ಇತಿಹಾಸಕಾರರು ಊಹಿಸುತ್ತಾರೆ. ಅದು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ಹೆಸರು ಅಳಿದು ಹೊಗಳಿಕೆಯೇ ಹೆಸರಾಗಿ ಉಳಿಯಿತು.

ಬಿರುದುಗಳಲ್ಲಿ ಇನ್ನೊಂದು ಜಾತಿಯುಂಟು. ಹೊರನಾಡ ಕನ್ನಡಿಗರು ಅದನ್ನು ಓದುವಾಗ ಒಂದು ಗಳಿಗೆ ನಿಲ್ಲದೆ ಇರಲಾರರು. ‘ಪುರವರಾಧೀಶ್ವರ’ ಎಂದು ಕೊನೆಗೊಳ್ಳುವ ಬಿರುದುಗಳವು. ಶ್ರೇಷ್ಠವಾದ ಇಂಥ ಪಟ್ಟಣಕ್ಕೆ ಒಡೆಯ ಎಂದು ಅರ್ಥ. ಸವದತ್ತಿಯ ರಟ್ಟರು ತಮ್ಮನ್ನು ಲತ್ತನೂರಿನ ಒಡೆಯರೆಂದು ಕರೆದುಕೊಂಡರು. ಅದು ಇಂದಿನ ಲಾತೂರು. ಕೊಲ್ಲಾಪುರದ ಶಿಲಾಹಾರರು ತಗರಪುರದ ಒಡೆಯರಾದರು. ಅದು ಇಂದಿನ ಧಾರಾಶಿವ ಜಿಲ್ಲೆಯ ತೇರ್. ಮಂಗಳವೇಢೆಯಿಂದ ಮೇಲೆದ್ದು ಕಲ್ಯಾಣವನ್ನು ಹಿಡಿದ ಕಲಚುರಿಗಳು ಕಾಲಂಜರಪುರದ ಹೆಸರನ್ನು ಬಿಡಲಿಲ್ಲ. ಗೋವೆಯ ಕದಂಬರು ಬನವಾಸಿಯನ್ನು ನೆನೆದರು. ಹೊಯ್ಸಳರೂ ದೇವಗಿರಿಯ ಸೇವುಣರೂ ಇಬ್ಬರೂ ದ್ವಾರಾವತಿಯನ್ನು ತಮ್ಮದೆಂದರು. ಈ ಪಟ್ಟಣಗಳಲ್ಲಿ ಹೆಚ್ಚಿನವನ್ನು ಅವರು ಆಳುತ್ತಿರಲಿಲ್ಲ. ಕೆಲವನ್ನು ಕಂಡೂ ಇರಲಾರರು. ಆದರೆ ತಮ್ಮನ್ನು ಹೊಗಳುವವರು ಮೊದಲು ತಮ್ಮ ಮೂಲದ ಊರನ್ನು ಹೇಳಬೇಕೆಂದು ಅವರು ಬಯಸಿದರು. ವಲಸೆ ಹೋದವರ ನೆನಪು ಹೊಗಳಿಕೆಯ ಭಾಷೆಯಲ್ಲಿ ಮನೆಮಾಡಿತು. ಜೆ. ಎಫ್. ಫ್ಲೀಟ್ ಅವರು 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸವನ್ನು ಬರೆದಾಗ, ಎರಡು ವರ್ಷಗಳ ಬಳಿಕ ರಾ. ಗೋ. ಭಂಡಾರಕರರು ದಖ್ಖನಿನ ಪ್ರಾಚೀನ ಇತಿಹಾಸವನ್ನು ಬರೆದಾಗ, ಅವರಿಗೆ ಆಕರವಾಗಿ ಒದಗಿದ್ದು ಇಂಥ ಬಿರುದುಗಳನ್ನು ಹೊತ್ತ ಶಾಸನಗಳೇ. ಭಂಡಾರಕರರ ಹೆಸರಿನಲ್ಲಿ 1917ರಲ್ಲಿ ಪುಣೆಯಲ್ಲಿ ತೆರೆದ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವೂ ಶಿವಾಜಿನಗರದ ಮಗ್ಗುಲಲ್ಲಿಯೇ ಇದೆ.

ಮೂರನೆಯ ಜಾತಿ ಅಚ್ಚಗನ್ನಡದ್ದು. ಅದರಲ್ಲಿ ‘ಗಂಡ’ ಮತ್ತು ‘ಗೊಂಡ’ ಎಂಬ ಎರಡು ಶಬ್ದಗಳದೇ ರಾಜ್ಯಭಾರ. ಹೊಯ್ಸಳರು ‘ಮಲೆಪರೊಳ್ ಗಂಡ’ರು, ಮಲೆನಾಡಿನ ನಾಯಕರ ನಡುವೆ ಗಂಡುಗಲಿಗಳು. ವಿಜಯನಗರದ ಅರಸರು ‘ಭಾಷೆಗೆ ತಪ್ಪುವ ರಾಯರ ಗಂಡ’ರು, ಕೊಟ್ಟ ಮಾತಿಗೆ ತಪ್ಪಿದ ಅರಸರನ್ನು ಅಡಗಿಸುವವರು. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಚೋಳರಿಂದ ತಲಕಾಡನ್ನು ಗೆದ್ದ ವಿಷ್ಣುವರ್ಧನ ತನ್ನ ಚಿನ್ನದ ನಾಣ್ಯದ ಮೇಲೆ ‘ಶ್ರೀ ತಲಕಾಡುಗೊಂಡ’ ಎಂದು ಕನ್ನಡ ಅಕ್ಷರಗಳಲ್ಲಿ ಟಂಕಿಸಿದ. ಗುಣವಾಚಕದ ಗೊಡವೆಯಿಲ್ಲ, ಮಾಡಿದ ಕೆಲಸವೇ ಹೊಗಳಿಕೆ. ಕನ್ನಡ ವ್ಯಾಕರಣಕಾರರೂ ಈ ಲೋಕಕ್ಕೆ ವಿಶೇಷ ಸ್ಥಾನ ಕೊಟ್ಟರು. ಸಂಸ್ಕೃತ ಪದವನ್ನು ಕನ್ನಡ ಪದದೊಡನೆ ಬೆಸೆಯುವ ಅರಿಸಮಾಸವನ್ನು ದೋಷವೆಂದ ಹದಿಮೂರನೆಯ ಶತಮಾನದ ಕೇಶಿರಾಜ, ಶಬ್ದಮಣಿದರ್ಪಣದಲ್ಲಿ ಬಿರುದಾವಳಿಗೆ ವಿನಾಯಿತಿ ಕೊಟ್ಟಿದ್ದಾನೆ. ಜನರ ಬಾಯಲ್ಲಿ ನೆಲೆಗೊಂಡ ಹೊಗಳಿಕೆಯನ್ನು ತಿದ್ದಲು ವೈಯಾಕರಣನೂ ಮುಂದಾಗಲಿಲ್ಲ.

ಇದೆಲ್ಲ ಅರಸರ ಮಾತಾಯಿತು ಎಂದು ಓದುಗರು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದೇ, ಆದರೆ ಕನ್ನಡ ಶಾಸನಗಳ ಔದಾರ್ಯ ಅರಮನೆಯ ಹೊಸ್ತಿಲಲ್ಲಿ ನಿಲ್ಲುವುದಿಲ್ಲ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯನ್ನು 1007ರ ಶಾಸನ ‘ದಾನಚಿಂತಾಮಣಿ’ ಎನ್ನುತ್ತದೆ. ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿ. ಬೇಡಿದ್ದನ್ನು ಕೊಡುವ ಮಣಿಗೆ ಚಿಂತಾಮಣಿ ಎಂದು ಹೆಸರು. ಪುಸ್ತಕ ಹಂಚಿದವಳಿಗೆ ಅದು ಸಂದಿತು. ಮಂಡ್ಯ ಸೀಮೆಯ ಆತಕೂರಿನ ಹತ್ತನೆಯ ಶತಮಾನದ ಕಲ್ಲು ಇನ್ನೂ ಮುಂದೆ ಹೋಗುತ್ತದೆ. ತಕ್ಕೋಲದ ಯುದ್ಧದಲ್ಲಿ ಗಂಗ ಬೂತುಗನ ಪರವಾಗಿ ಕಾದಿದ ಮಣಲೇರನೆಂಬ ವೀರ, ಮೆಚ್ಚಿದ ಒಡೆಯನು ಬೇಡಿಕೋ ಎಂದಾಗ, ಊರನ್ನೂ ಹೊನ್ನನ್ನೂ ಬಿಟ್ಟು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದ. ಆ ನಾಯಿ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದಕ್ಕೆ ಕಲ್ಲು ನೆಟ್ಟು, ಭೂಮಿ ಬಿಟ್ಟು, ಪೂಜೆಗೆ ವ್ಯವಸ್ಥೆ ಮಾಡಿದರು. ರಾಷ್ಟ್ರಕೂಟ ಚಕ್ರವರ್ತಿಯ ವಿಜಯವೂ ನಾಯಿಯ ಕೆಚ್ಚೂ ಒಂದೇ ಕಲ್ಲಿನ ಮೇಲೆ ನಿಂತಿವೆ. ಸಂದದ್ದನ್ನು ಸಲ್ಲಬೇಕಾದವರಿಗೆ ಸಲ್ಲಿಸುವಾಗ ಆ ಕಾಲದವರು ಜಿಪುಣರಾಗಿರಲಿಲ್ಲ.

ಹೊಗಳುವವನು ಹೊಗಳಿಸಿಕೊಂಡವನಿಗೆ ಕೀಳಾಗಬೇಕಿಲ್ಲವೆಂಬುದನ್ನು ಪಂಪ ತೋರಿಸಿದ. ವೇಮುಲವಾಡದ ಅರಿಕೇಸರಿಯ ಬಿರುದುಗಳಲ್ಲಿ ‘ಗುಣಾರ್ಣವ’ವೂ ಒಂದು, ಗುಣಗಳ ಕಡಲು. 941ರ ವಿಕ್ರಮಾರ್ಜುನವಿಜಯದಲ್ಲಿ ಪಂಪ ತನ್ನ ಒಡೆಯನನ್ನು ಅರ್ಜುನನಿಗೆ ಸಮೀಕರಿಸಿ ಮನಸಾರೆ ಹೊಗಳಿದ. ತಾನು ಮಾತ್ರ ‘ಕವಿತಾಗುಣಾರ್ಣವ’ನಾಗಿ ನಿಂತ. ಒಡೆಯನ ಬಿರುದಿಗೆ ಒಂದೇ ಶಬ್ದವನ್ನು ಸೇರಿಸಿ ಸಮಾನ ಪೀಠವನ್ನು ಹಾಕಿಕೊಂಡ ಈ ಧೈರ್ಯ ಶಿಯೇ ಲಿಂಗ್‌ಯುನ್ ಕವಿಯ ಒಂದು ಕೊಳಗಕ್ಕೆ ಯಾವ ಬಗೆಯಲ್ಲೂ ಕಡಿಮೆಯದಲ್ಲ.

ಆದರೆ ಹೊಗಳಿಕೆಯ ರೋಗವನ್ನೂ ಕನ್ನಡ ಬಹಳ ಬೇಗ ಕಂಡುಕೊಂಡಿತು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಕ್ರಿ.ಶ. 700ರ ಆಸುಪಾಸಿನದು. ಅದು ತನ್ನ ವೀರನನ್ನು ಬರಿಯ ಸದ್ಗುಣಗಳ ಮೂಟೆಯನ್ನಾಗಿ ಮಾಡುವುದಿಲ್ಲ. ಒಳ್ಳೆಯವರಿಗೆ ಅವನು ಹೇಗೆ, ಕೆಡುಕರಿಗೆ ಹೇಗೆ ಎಂದು ಎರಡನ್ನೂ ಹೇಳಿ, ಅವನನ್ನು ಕಲಿಯುಗಕ್ಕೆ ವಿಪರೀತನೆಂದು ಕರೆಯುತ್ತದೆ. ಹೊಗಳಿಕೆಗೆ ಅಂಚು ಇದ್ದ ಕಾಲ ಅದು. ಮುಂದೆ ಬಿರುದುಗಳು ಬೆಳೆದು ಬೆಳೆದು, ಶಾಸನದ ಮೊದಲ ಅರ್ಧವನ್ನೆಲ್ಲ ನುಂಗಿ, ಸಣ್ಣಪುಟ್ಟ ನಾಯಕರ ಬಾಗಿಲಲ್ಲೂ ಜೋತಾಡತೊಡಗಿದವು. ಮೈಸೂರಿನ ಒಡೆಯರು ತಾಳಿದ ‘ಬಿರುದೆಂತೆಂಬರ ಗಂಡ’ ಎಂಬ ಬಿರುದು ಇದರ ತುತ್ತತುದಿ. ತಮಗೆ ಬಿರುದುಗಳಿವೆ ಎನ್ನುವವರನ್ನೆಲ್ಲ ಅಡಗಿಸುವವನು ಎಂದು ಅದರ ತಾತ್ಪರ್ಯ. ಬಿರುದುಗಳ ಸಂತೆಯಲ್ಲಿ ಕೊನೆಗೆ ಉಳಿಯುವ ಬಿರುದು ಇದೊಂದೇ. ಇದಕ್ಕೂ ಎಷ್ಟೋ ಮೊದಲು, ಹನ್ನೆರಡನೆಯ ಶತಮಾನದಲ್ಲಿ, ಬಸವಣ್ಣನವರು ತಮ್ಮವರ ಹೊಗಳಿಕೆಯನ್ನು ಹೊನ್ನಿನ ಶೂಲಕ್ಕೆ ಹೋಲಿಸಿದ್ದರು. ಹೊನ್ನಿನದಾದರೇನು, ಶೂಲ ಶೂಲವೇ. ಅವರು ಹೊಗಳುವವರನ್ನು ಬೈಯಲಿಲ್ಲ. ಅವರು ಒಲಿದೇ ಹಾಗೆ ಮಾಡಿದರೆಂದರು. ಒಲವಿನಿಂದಲೂ ಮನುಷ್ಯನನ್ನು ಇರಿಯಬಹುದೆಂಬುದೇ ಆ ಮಾತಿನ ತಿರುಳು.

ಅರಸರ ಕಾಲ ಕಳೆದ ಮೇಲೆ ಹೊಗಳಿಕೆ ಕಲ್ಲಿನಿಂದ ಕಾಗದಕ್ಕೆ ಇಳಿಯಿತು. ಪೇಶ್ವೆಯರ ಕಾಲದ ಪತ್ರಗಳು ‘ಅಖಂಡಿತಲಕ್ಷ್ಮೀಅಲಂಕೃತ ರಾಜಮಾನ್ಯ ರಾಜಶ್ರೀ’ ಎಂದು ಆರಂಭವಾಗುತ್ತಿದ್ದವು. ಮರಾಠಿಯಲ್ಲಿ ಈ ಸಂಬೋಧನೆಗೆ ‘ಮಾಯನಾ’ ಎನ್ನುತ್ತಾರೆ. ನಮ್ಮಲ್ಲಿ ಪತ್ರದ ಒಕ್ಕಣೆ ಎನ್ನುತ್ತೇವೆ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ‘ರಾ. ರಾ.’ ಎಂಬ ಎರಡಕ್ಷರವಾಗಿ ಇದು ಬಹುಕಾಲ ಉಳಿಯಿತು. ಹಳೆಯ ಮೈಸೂರಿನ ಕಡೆಯಲ್ಲಿ ‘ಮ. ರಾ. ರಾ.’ ಎಂದಾಯಿತು. ತಂದೆಗೆ ತೀರ್ಥರೂಪು, ತಂದೆಯಂತಿದ್ದವರಿಗೆ ತೀರ್ಥರೂಪು ಸಮಾನರು, ಮಗನಿಗೆ ಚಿರಂಜೀವಿ, ವೈದಿಕರಿಗೆ ವೇದಮೂರ್ತಿ. ಮಕ್ಕಳಿಗೆ ಒಕ್ಕಣೆಯನ್ನು ಕಲಿಸುವುದೆಂದರೆ ಸಂಬಂಧಗಳ ನಕ್ಷೆಯನ್ನು ಕಲಿಸುವುದಾಗಿತ್ತು. ಅದರಲ್ಲಿ ಜಾತಿಯ ಮೇಲು ಕೀಳು ಬೆರೆತಿತ್ತೆಂಬುದನ್ನು ಮುಚ್ಚಿಡುವಂತಿಲ್ಲ; ಯಾರ ಹೆಸರಿಗೆ ಯಾವ ಗೌರವ ಎಂಬುದನ್ನು ಅನೇಕ ಸಲ ಗುಣಕ್ಕಿಂತ ಮೊದಲು ಹುಟ್ಟು ತೀರ್ಮಾನಿಸುತ್ತಿತ್ತು.

ಈ ಕಟ್ಟನ್ನು ಒಡೆದ ಊರುಗಳಲ್ಲಿ ಪುಣೆಯೂ ಒಂದು. ಜೋತಿರಾವ್ ಫುಲೆಯವರಿಗೆ 1888ರಲ್ಲಿ ಮುಂಬಯಿಯ ಸಭೆಯೊಂದು ‘ಮಹಾತ್ಮ’ ಎಂಬ ಹೆಸರನ್ನು ಕೊಟ್ಟಿತು. ಕೊಟ್ಟದ್ದು ಅರಸನಲ್ಲ, ಮಠವಲ್ಲ, ಸಾಮಾನ್ಯ ಜನ. ಅನಂತರ ಟಿಳಕರು ‘ಲೋಕಮಾನ್ಯ’ರಾದರು. ರಾಜಮಾನ್ಯ ಎಂಬ ಹಳೆಯ ಮಾಯನೆಯ ಪಕ್ಕದಲ್ಲಿ ಈ ಶಬ್ದವನ್ನಿಟ್ಟು ಓದಿದರೆ ಒಂದು ಯುಗಾಂತರವೇ ಕಾಣುತ್ತದೆ. ಮನ್ನಣೆ ಕೊಡುವ ಅಧಿಕಾರ ರಾಜನಿಂದ ಲೋಕಕ್ಕೆ ಬಂದಿತು. ಆಗಿನ ಸರಕಾರ ರಾವ್ ಬಹದ್ದೂರ್, ರಾವ್ ಸಾಹೇಬ್ ಎಂಬ ಪದವಿಗಳನ್ನು ಹಂಚುತ್ತಿದ್ದಾಗಲೇ ಜನ ತಮ್ಮ ಬಿರುದುಗಳನ್ನು ತಾವೇ ಕೊಡತೊಡಗಿದ್ದರು. ಆ ಗಾಳಿ ಇಲ್ಲಿ ಓದಲು ಬಂದ ಕನ್ನಡದ ತರುಣರಿಗೂ ತಾಗಿತು. ಟಿಳಕರು ಅಧ್ಯಾಪಕರಾಗಿದ್ದ, 1885ರಲ್ಲಿ ಆರಂಭವಾದ ಫರ್ಗ್ಯುಸನ್ ಕಾಲೇಜಿನಲ್ಲಿ ಆಲೂರ ವೆಂಕಟರಾಯರು ಓದಿದರು. ಮುಂದೆ ಕರ್ನಾಟಕ ಗತವೈಭವವನ್ನು ಬರೆದು ‘ಕನ್ನಡ ಕುಲಪುರೋಹಿತ’ರೆನಿಸಿದರು. ಅದೇ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಮುಗಿಸಿದ ಬೇಂದ್ರೆಯವರು ‘ವರಕವಿ’ಯಾದರು. ಶ್ರೀನಿವಾಸ ಮಾಸ್ತಿಯವರು ‘ಕನ್ನಡದ ಆಸ್ತಿ’, ಹಳಕಟ್ಟಿಯವರು ‘ವಚನ ಪಿತಾಮಹ’, ಕಾಸರಗೋಡಿನ ನೆಲದ ಮಂಜೇಶ್ವರದ ಗೋವಿಂದ ಪೈಗಳು ಹಾಗೂ ಮಲೆನಾಡಿನ ಕುವೆಂಪು ‘ರಾಷ್ಟ್ರಕವಿ’ಗಳು. ಇವುಗಳಲ್ಲಿ ಒಬ್ಬರ ಬಿರುದನ್ನು ಇನ್ನೊಬ್ಬರಿಗೆ ಬದಲಾಯಿಸಿ ನೋಡಿ, ಹೆಚ್ಚಿನವು ಒಪ್ಪುವುದಿಲ್ಲ. ವಚನಗಳ ಓಲೆಗಳನ್ನು ಹುಡುಕಿ ಮನೆಯನ್ನು ಮಾರಿ ಅಚ್ಚು ಹಾಕಿಸಿದವರನ್ನಲ್ಲದೆ ಇನ್ನಾರನ್ನು ನಾವು ವಚನ ಪಿತಾಮಹರೆನ್ನಲಾದೀತು?

ಸ್ವತಂತ್ರ ಭಾರತ ಈ ವಿಷಯದಲ್ಲಿ ಎಚ್ಚರದಿಂದ ನಡೆಯಿತು. 1950ರ ಸಂವಿಧಾನದ 18ನೆಯ ವಿಧಿಯ ಪ್ರಕಾರ, ಸೈನ್ಯದ ಮತ್ತು ವಿದ್ಯೆಯ ಪದವಿಗಳನ್ನು ಬಿಟ್ಟು ಬೇರಾವ ಬಿರುದನ್ನೂ ಸರಕಾರ ಕೊಡುವಂತಿಲ್ಲ. ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಅವುಗಳನ್ನು ಹೆಸರಿನ ಹಿಂದೆ ಮುಂದೆ ಹಚ್ಚಿಕೊಳ್ಳಕೂಡದು ಎಂದು 1995ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಸರಕಾರಿ ನೌಕರರಾದ ನಮಗೆ ಹೊಗಳಿಕೆ ದೊರೆಯುವುದು ವಾರ್ಷಿಕ ವರದಿಯಲ್ಲಿ, ಹತ್ತರೊಳಗಿನ ಅಂಕೆಗಳಲ್ಲಿ. ಅದರಲ್ಲಿ ಪ್ರಾಮಾಣಿಕತೆಗೆ ಪ್ರತ್ಯೇಕ ಕಲಮು ಉಂಟು. ಅಲ್ಲಿ ‘ಸಂದೇಹಾತೀತ’ ಎಂಬರ್ಥದ ಒಂದು ಸಿದ್ಧವಾಕ್ಯ ಬೀಳಬೇಕು. ನಮ್ಮ ಕಾಲದ ಪ್ರಶಸ್ತಿಶಾಸನ ಅಷ್ಟೇ ಚಿಕ್ಕದು. ಸರಕಾರ ಹಾಗೆ ಮಿತವಾಗಿರುವುದು ಸರಿಯೇ. ಆದರೆ ಸರಕಾರ ಸುಮ್ಮನಾದ ಜಾಗದಲ್ಲಿ ಸಮಾಜವೂ ಸುಮ್ಮನಾಗಬೇಕೆಂದಿಲ್ಲ. ಅಗ್ಗದ ಬಿರುದುಗಳನ್ನು ಶಾಲು, ಹಾರ, ಹಣ್ಣಿನ ಬುಟ್ಟಿಯೊಡನೆ ಹಂಚಬೇಕೆಂದೂ ಇಲ್ಲ.

ಹಾಗಾದರೆ ಈ ಇತಿಹಾಸದಿಂದ ನಾವು ಕಲಿಯುವುದೇನು? ಮಾನಪತ್ರಕ್ಕೆ ಕನ್ನಡದಲ್ಲಿ ‘ಬಿನ್ನವತ್ತಳೆ’ ಎಂಬ ಸೊಗಸಾದ ಹೆಸರೊಂದಿದೆ. ಬಿನ್ನಹದ ಪತ್ರವೆಂದು ಅದರ ಭಾವ. ಹೊಗಳಿಕೆ ಮೇಲಿನಿಂದ ದಯಪಾಲಿಸುವ ವಸ್ತುವಲ್ಲ, ಬಿನ್ನವಿಸಿಕೊಳ್ಳುವ ಮಾತು ಎಂಬ ವಿವೇಕ ಆ ಶಬ್ದದಲ್ಲಿಯೇ ಇದೆ. ಅದನ್ನು ಬರೆಯುವವರು ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ತಲಕಾಡುಗೊಂಡ ಎಂಬಂತೆ, ಇವರು ಮಾಡಿದ ಒಂದು ಕೆಲಸವನ್ನು ಹೆಸರಿಸಿದ್ದೇವೆಯೇ? ಲತ್ತನೂರು, ತಗರಗಳಂತೆ, ಇವರು ಎಲ್ಲಿಂದ ಬಂದವರೆಂಬುದನ್ನು ನೆನೆದಿದ್ದೇವೆಯೇ? ಈ ಮಾತನ್ನು ಪಕ್ಕದ ಕುರ್ಚಿಯಲ್ಲಿರುವವರಿಗೆ ವರ್ಗಾಯಿಸಿದರೆ ಅದು ಒಪ್ಪದೆ ಹೋಗುತ್ತದೆಯೇ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಭಾಷೆ ಸರಳವಾಗಿದ್ದರೂ ಚಿಂತೆಯಿಲ್ಲ.

ಇದನ್ನು ಮಕ್ಕಳ ಕೈಯಿಂದಲೇ ಬರೆಯಿಸಬೇಕೆಂದು ನಮ್ಮ ಅಭಿಮತ. ಮನೆಯ ಹಿರಿಯರ ಬಗ್ಗೆ, ಕನ್ನಡ ಕಲಿಸಿದ ಶಿಕ್ಷಕಿಯ ಬಗ್ಗೆ, ಬಡಾವಣೆಯ ಕನ್ನಡಿಗರ ಮದುವೆ ಮುಂಜಿಗಳಿಗೆಲ್ಲ ಹೆಗಲು ಕೊಟ್ಟ ಅಡುಗೆಯವರ ಬಗ್ಗೆ, ಹತ್ತು ಸಾಲಿನ ಬಿನ್ನವತ್ತಳೆ. ಬರೆಯಲು ಕುಳಿತ ಮಗು ಮೊದಲು ಆ ಹಿರಿಯರನ್ನು ಕೇಳಬೇಕಾಗುತ್ತದೆ: ನಿಮ್ಮ ಊರು ಯಾವುದು, ಇಲ್ಲಿಗೆ ಏಕೆ ಬಂದಿರಿ, ಬಂದಾಗ ಏನು ಕಷ್ಟವಾಯಿತು, ಏನನ್ನು ಕಟ್ಟಿದಿರಿ. ಹೊಗಳಲು ಹೋದದ್ದು ಚರಿತ್ರೆಯನ್ನು ಕೇಳುವುದಾಗುತ್ತದೆ. ಹೊರನಾಡಿನ ಕನ್ನಡಿಗರ ಚರಿತ್ರೆಯನ್ನು ಬರೆಯಲು ಯಾವ ಅರಸನೂ ಕಲ್ಲು ನೆಡಿಸುವುದಿಲ್ಲ, ಯಾವ ಚಕ್ರವರ್ತಿಯೂ ತಾಮ್ರಪಟವನ್ನು ಹೊರಡಿಸುವುದಿಲ್ಲ. ಮಣಲೇರನ ನಾಯಿಗೆ ಸಂದ ಗೌರವ ನಮ್ಮ ಹಿರಿಯರಿಗೆ ಸಲ್ಲಬೇಕಾದರೆ ಅದನ್ನು ಸಲ್ಲಿಸುವ ಕನ್ನಡವನ್ನು ನಾವೇ ಉಳಿಸಿಕೊಳ್ಳಬೇಕು.